ಮುಖ್ಯ ತೀರ್ಪುಗಾರರು

ಪ್ರತಿಭಾ ಕಾರಂಜಿಗೆ ತೀರ್ಪುಗಾರನಾಗಲು ಏನು ಅರ್ಹತೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಅನುಭವದಿಂದ ಹೇಳಬಲ್ಲೆ. ಆ ದಿನ ಬೆಳಿಗ್ಗೆ ದೊಡ್ಡಬೆಳವಂಗಲದ ಬಸ್ ಸ್ಟಾಪಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿರಬೇಕು, ಅಷ್ಟೇ. ಜೇಬಿನಲ್ಲಿ ಪೆನ್ನೂ ಇದ್ದರೆ ನೇರವಾಗಿ ಮುಖ್ಯ ತೀರ್ಪುಗಾರ.

ನನ್ನ ಜೇಬಿನಲ್ಲಿ ಪೆನ್ನಿತ್ತು. ನೀಲಿ ಜೆಲ್ ಪೆನ್ನು. ಬಾಲ್ ಪೆನ್ನಿನಲ್ಲಿ ಬರೆದರೆ ವಿಮೆ ಏಜೆಂಟನ ಹಾಗೆ ಕಾಣುತ್ತೇನೆ ಅನ್ನುವ ಕಾರಣಕ್ಕೆ ಕೊಂಡದ್ದು. ನಾನು ವಿಮೆ ಏಜೆಂಟನೇ, ಆದರೆ ಆಗೀಗ ಹನಿಗವನವನ್ನೂ ಬರೆಯುತ್ತೇನೆ. ಡಾಬಸ್‌ಪೇಟೆ ಕಡೆ ಒಂದು ಪ್ರೀಮಿಯಂ ವಸೂಲಿಗೆ ಹೊರಟವನ ಮುಂದೆ ಸಿಆರ್‌ಪಿ ಬೈಕ್ ನಿಲ್ಲಿಸಿದರು.

‘ಸಾರ್, ಹನಿಗವನ ಬರೆಯೋರು ನೀವೇ ಅಲ್ವಾ? ಪೇಪರ್‌ನಲ್ಲಿ ಫೋಟೊ ನೋಡಿದ್ದೆ.’

ಫೋಟೊದ ಕೆಳಗಿನದನ್ನು ಓದಿದಿರಾ ಅಂತ ನಾನು ಕೇಳಲಿಲ್ಲ. ಅಂಥದ್ದನ್ನೆಲ್ಲ ಕೇಳಿ ಇರುವ ಮರ್ಯಾದೆ ಕಳೆದುಕೊಳ್ಳಬಾರದು ಅನ್ನುವ ತಿಳಿವಳಿಕೆ ಸಾಹಿತಿಗಳಿಗೆ ಇರುತ್ತದೆ. ‘ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ ಇದೆ, ಬರಬೇಕು ಸಾರ್’ ಅಂದರು. ‘ಭಾಷಣ ಎಷ್ಟು ಹೊತ್ತು?’ ಅಂದೆ. ಅವರು ಉತ್ತರ ಕೊಡದೆ ಬೈಕ್ ಸ್ಟಾರ್ಟ್ ಮಾಡಿದರು. ಅದನ್ನೇ ಒಪ್ಪಿಗೆ ಅಂದುಕೊಂಡು ಹಿಂದೆ ಹತ್ತಿದೆ.

ಸಿಆರ್‌ಪಿ ಅಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ತಾಲ್ಲೂಕಿಗೆ ಬಿಇಒ ಸಾಹೇಬರು, ಅವರ ಜೊತೆಗೆ ಬಿಆರ್‌ಸಿ, ಆಮೇಲೆ ಅಕ್ಕಪಕ್ಕದ ಊರುಗಳ ಶಾಲೆಗಳನ್ನು ಸೇರಿಸಿದ ಕ್ಲಸ್ಟರ್. ಆ ಕ್ಲಸ್ಟರನ್ನು ನೋಡಿಕೊಳ್ಳುವ ಮೇಷ್ಟ್ರೇ ಸಿಆರ್‌ಪಿ. ಯಾವ ಶಾಲೆಗೆ ಪಠ್ಯಪುಸ್ತಕ ಕಮ್ಮಿ ಬಂತು, ಯಾವ ಮಗುವಿನ ಶೂ ಸೈಜು ತಪ್ಪಾಯಿತು, ಇವತ್ತು ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು ಅಂದರು, ಎಲ್ಲ ಲೆಕ್ಕವೂ ಅವರ ಬೈಕಿನ ಬ್ಯಾಗಿನಲ್ಲಿ. ಅದೇ ಬ್ಯಾಗಿನಿಂದ ಅವತ್ತು ಒಂದು ಬ್ಯಾಡ್ಜ್ ತೆಗೆದು ನನ್ನ ಅಂಗಿಗೆ ಚುಚ್ಚಿದರು. ‘ತೀರ್ಪುಗಾರರು’ ಅಂತ ಬರೆದಿತ್ತು. ಅತಿಥಿಗಳದ್ದು ಜರಿ ಇರುವ ಬ್ಯಾಡ್ಜ್. ನನ್ನದಕ್ಕೆ ಜರಿ ಇರಲಿಲ್ಲ. ಭಾಷಣದ ವಿಷಯ ಅಲ್ಲಿಗೇ ಮುಗಿಯಿತು.

ಹೋಬಳಿಯ ಒಂದು ಶಾಲೆ, ಹೆಸರು ಬೇಡ. ಅಂಗಳದಲ್ಲಿ ಶಾಮಿಯಾನ, ಪಕ್ಕದಲ್ಲಿ ದಾನಿಗಳ ಹೆಸರಿನ ಫ್ಲೆಕ್ಸು. ಊಟ ಒಬ್ಬರದು, ಮೈಕ್ ಸೆಟ್ ಒಬ್ಬರದು, ಬಹುಮಾನದ ಸ್ಟೀಲ್ ಡಬ್ಬಿ ಇನ್ನೊಬ್ಬರದು. ಇಲಾಖೆಯ ದುಡ್ಡು ಎಲ್ಲಿಗೆ ನಿಲ್ಲುತ್ತದೋ ಅಲ್ಲಿಂದ ಮುಂದಕ್ಕೆ ಊರವರು ಎಳೆಯುತ್ತಾರೆ. ವೇದಿಕೆಯ ಮೇಲೆ ಪಂಚಾಯಿತಿ ಸದಸ್ಯರು, ಎಸ್‌ಡಿಎಂಸಿ ಅಧ್ಯಕ್ಷರು, ಡೇರಿ ಕಾರ್ಯದರ್ಶಿ, ಅವರ ಹಿಂದೆ ನಿಂತ ಇನ್ನೂ ಕೆಲವರು. ಸ್ವಾಗತ, ಹಾರ, ದೀಪ. ಗಾಳಿಗೆ ದೀಪ ಆರಿದಾಗಲೆಲ್ಲ ಮತ್ತೆ ದೀಪ. ಅಷ್ಟರಲ್ಲಿ ಬೆಳಿಗ್ಗೆಯೇ ಬಣ್ಣ ಬಳಿಸಿಕೊಂಡು ಬಂದಿದ್ದ ಸಂಗೊಳ್ಳಿ ರಾಯಣ್ಣನ ಮೀಸೆ ಬೆವರಿಗೆ ಕರಗಿ ಗಲ್ಲದವರೆಗೆ ಇಳಿದಿತ್ತು. ನಾಡಪ್ರಭು ಕೆಂಪೇಗೌಡರು ತಮ್ಮ ಖಡ್ಗವನ್ನು ಅಮ್ಮನ ಕೈಗೆ ಕೊಟ್ಟು ಮೂತ್ರಕ್ಕೆ ಹೋಗಿದ್ದರು.

ಮಕ್ಕಳಿಗೆ ಇದು ದೊಡ್ಡ ವಿಷಯ. ಶಾಲೆಯಲ್ಲಿ ಗೆದ್ದವರು ಕ್ಲಸ್ಟರಿಗೆ, ಕ್ಲಸ್ಟರಿನಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ರಾಜ್ಯಕ್ಕೆ. ಕಂಠಪಾಠ, ಅಭಿನಯ ಗೀತೆ, ಕಥೆ ಹೇಳುವುದು, ಆಶುಭಾಷಣ, ಮಿಮಿಕ್ರಿ, ಜಾನಪದ ನೃತ್ಯ, ಕವ್ವಾಲಿ, ಏನುಂಟು ಏನಿಲ್ಲ. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ಅನುಕೂಲವೂ ಇದೆ. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾದ ಮೇಲೆ ಇಲ್ಲಿ ಉಳಿದಿರುವುದು ನಾಲ್ಕೇ ತಾಲ್ಲೂಕು. ದೊಡ್ಡಬಳ್ಳಾಪುರ ಗೆದ್ದು ಬಂದ ಮಗು ದೇವನಹಳ್ಳಿ, ಹೊಸಕೋಟೆ, ನೆಲಮಂಗಲವನ್ನು ದಾಟಿದರೆ ಮುಂದೆ ರಾಜ್ಯವೇ. ಕಷ್ಟ ಇರುವುದೆಲ್ಲ ಕೆಳಗಿನ ಮೆಟ್ಟಿಲಿನಲ್ಲಿ, ಅಂದರೆ ನಾನು ಕೂತಿದ್ದ ಮೆಟ್ಟಿಲಿನಲ್ಲಿ.

ಮೊದಲು ನನ್ನನ್ನು ಕ್ಲೇ ಮಾಡೆಲಿಂಗ್ ಕೋಣೆಗೆ ಹಾಕಿದರು. ನೆಲದ ಮೇಲೆ ಗೋಣಿಚೀಲ, ಒಬ್ಬೊಬ್ಬ ಮಗುವಿನ ಮುಂದೆ ಒಂದೊಂದು ಮುದ್ದೆ ಕೆರೆ ಜೇಡಿಮಣ್ಣು. ವಿಷಯ ‘ರೈತನ ಮಿತ್ರರು’. ಕೈ ಹಿಂದಕ್ಕೆ ಕಟ್ಟಿಕೊಂಡು, ಮಣ್ಣಿನ ಜೊತೆ ಬಹಳ ವರ್ಷದ ಒಡನಾಟ ಇರುವವನ ಹಾಗೆ ಓಡಾಡಿದೆ. ಒಬ್ಬ ಹುಡುಗನ ಮುಂದೆ ನಿಂತು ‘ಎಮ್ಮೆ ಚೆನ್ನಾಗಿದೆ ಮರಿ’ ಅಂದೆ.

‘ಎತ್ತು ಸಾ.’

‘ಹಾಗಾದ್ರೆ ಕೊಂಬು ಸ್ವಲ್ಪ ಮೇಲಕ್ಕೆ ಬರಬೇಕಲ್ವಾ’ ಅಂತ ತಜ್ಞನ ಧಾಟಿಯಲ್ಲಿ ಬೆರಳು ಚಾಚಿದೆ. ಕೊಂಬು ಕಿತ್ತು ಬೆರಳಿಗೆ ಬಂತು. ಗಾಬರಿಯಾಗಿ ಅದನ್ನು ಒತ್ತಿ ಅಂಟಿಸಲು ಹೋದೆ, ಎತ್ತಿನ ತಲೆಯೇ ಅಪ್ಪಚ್ಚಿಯಾಯಿತು. ಈಗ ಅದು ನಿಜವಾಗಿಯೂ ಎಮ್ಮೆ. ಹುಡುಗ ಅಳಲಿಲ್ಲ. ನನ್ನ ಕೈಯಿಂದ ಕೊಂಬನ್ನು ತೆಗೆದುಕೊಂಡ. ತಲೆಯನ್ನು ಹೆಬ್ಬೆರಳಲ್ಲಿ ಮೇಲಕ್ಕೆ ಎಳೆದು ಸರಿ ಮಾಡಿದ. ಪೊರಕೆ ಕಡ್ಡಿಯಿಂದ ತಲೆಯ ಮೇಲೆ ಅಡ್ಡಡ್ಡ ಗೀರಿದ, ಕೊಂಬಿನ ಬುಡಕ್ಕೂ ಗೀರಿದ, ತೆಳ್ಳಗೆ ಕಲಸಿಟ್ಟಿದ್ದ ಮಣ್ಣಿನ ನೀರನ್ನು ಎರಡಕ್ಕೂ ಸವರಿ ಕೂರಿಸಿದ. ‘ಗೀರ್ದೆ ಅಂಟ್ಸಿದ್ರೆ ನಿಲ್ಲಲ್ಲ ಸಾ, ಒಣಗಿದ್ಮೇಲೆ ಬಿದ್ದೋಯ್ತದೆ’ ಅಂತ ನನಗೆ ಹೇಳಿಕೊಟ್ಟ. ಆ ದಿನ ನನಗೆ ಸಿಕ್ಕಿದ ತರಬೇತಿ ಅದೊಂದೇ.

ತರಬೇತಿಯ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಮೇಷ್ಟ್ರುಗಳಿಗೆ ಇರುವಷ್ಟು ತರಬೇತಿ ದೇವನಹಳ್ಳಿಯಲ್ಲಿ ವಿಮಾನ ಇಳಿಸುವವರಿಗೂ ಇರಲಿಕ್ಕಿಲ್ಲ. ನನ್ನ ಪಕ್ಕ ತೀರ್ಪುಗಾರರಾಗಿ ಕೂತಿದ್ದ ಮೇಡಂ, ಸೇವೆಯ ಕೊನೆಯ ವರ್ಷಗಳಲ್ಲಿದ್ದವರು, ಮಂಡಕ್ಕಿ ತಿನ್ನುತ್ತಾ ಲೆಕ್ಕ ಒಪ್ಪಿಸಿದರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಇಲ್ಲಿಗೆ ಬಂದಾಗ ಅದಕ್ಕೊಂದು ತರಬೇತಿ, 2019ರ ನಿಷ್ಠಾಕ್ಕೆ ಒಂದು, ಕೊರೊನಾ ಕಳೆದ ಮೇಲೆ 2022ರಲ್ಲಿ ಬಂದ ಕಲಿಕಾ ಚೇತರಿಕೆಗೆ ಒಂದು, ನಡುವೆ ಇಂಗ್ಲಿಷಿಗೆ, ಗಣಿತಕ್ಕೆ, ಮೊಬೈಲ್ ಆ್ಯಪಿಗೆ ಬೇರೆ ಬೇರೆ. ‘ನಿಮಗೆ ಯಾವ ತರಬೇತಿ ಆಗಿದೆ ಸಾರ್?’ ಅಂತ ಕೇಳಿದರು. ಪಾಲಿಸಿ ಮಾರುವ ತರಬೇತಿ ಆಗಿದೆ ಅನ್ನಲಿಲ್ಲ. ‘ಸಾಹಿತ್ಯ’ ಅಂದೆ. ಅವರು ಮಂಡಕ್ಕಿ ಪೊಟ್ಟಣವನ್ನು ನನ್ನ ಕಡೆ ತಳ್ಳಿದರು.

ಊಟದ ನಂತರ ಛದ್ಮವೇಷ. ಮೂವರು ತೀರ್ಪುಗಾರರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹಾಳೆ. ಮಕ್ಕಳ ಹೆಸರು ನಮಗೆ ಗೊತ್ತಾಗಬಾರದು, ಎದೆಗೆ ಪಿನ್ ಮಾಡಿದ ನಂಬರಿಗೆ ಮಾತ್ರ ಅಂಕ. ವೇಷಕ್ಕೆ ಇಷ್ಟು, ಮಾತಿಗೆ ಇಷ್ಟು, ಅಭಿನಯಕ್ಕೆ ಇಷ್ಟು.

11ನೇ ನಂಬರಿನ ಹುಡುಗಿ ಸಾಲುಮರದ ತಿಮ್ಮಕ್ಕನಾಗಿ ಬಂದಳು. ನರೆತ ಕೂದಲಿಗೆ ಹತ್ತಿ, ಹಣೆಗೆ ವಿಭೂತಿ, ಕಂಕುಳಲ್ಲಿ ಬಿಂದಿಗೆ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ನೆಟ್ಟ 385 ಆಲದ ಮರಗಳ ಕತೆಯನ್ನು ಅಜ್ಜಿಯ ದನಿಯಲ್ಲಿ ಹೇಳಿದಳು. ಬೇರೆಯವರು ಪದ್ಮಶ್ರೀಯಿಂದ ಶುರು ಮಾಡುತ್ತಿದ್ದರು, ಇವಳು ನೀರು ಹೊರುವುದರಿಂದ ಶುರು ಮಾಡಿದಳು. ಮಧ್ಯದಲ್ಲಿ ಸುಸ್ತಾದವಳ ಹಾಗೆ ಬಿಂದಿಗೆ ಇಳಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡು, ಮತ್ತೆ ಎತ್ತಿಕೊಂಡಳು. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೊದಲನೆ ಬಹುಮಾನ ಅಲ್ಲಿಗೇ ತೀರ್ಮಾನವಾಗಿತ್ತು.

ಮೂರು ಹಾಳೆಯ ಅಂಕಗಳನ್ನು ಒಂದು ಹಾಳೆಗೆ ಇಳಿಸಿ ಕೂಡಬೇಕು. ಮೇಡಂ ಮುಂದಾದರು. ‘ಬಿಡಿ ಮೇಡಂ, ನನ್ನ ಅಕ್ಷರ ದುಂಡಗಿದೆ’ ಅಂತ ಕಿತ್ತುಕೊಂಡೆ. ವೇದಿಕೆಯ ಮೇಲೆ ಇನ್ನೂ ವೇಷಗಳು ಬರುತ್ತಿರುವಾಗಲೇ ಹಿಂದಿನವರ ಅಂಕ ಇಳಿಸುತ್ತಾ ಹೋದೆ, ಸಮಯ ಉಳಿಯಲಿ ಅಂತ. ಕೊನೆಯ ಸ್ಪರ್ಧಿ ಒನಕೆ ಓಬವ್ವ. ಆಕೆಯ ಒನಕೆ ರಟ್ಟಿನದಲ್ಲ, ಅಜ್ಜಿ ಮನೆಯ ಅಟ್ಟದಿಂದ ಇಳಿಸಿದ ಅಪ್ಪಟ ಮರದ್ದು, ಅವಳಿಗಿಂತ ಒಂದು ಗೇಣು ಉದ್ದ. ಹೈದರಾಲಿಯ ಸೈನಿಕರನ್ನು ಬಡಿಯುತ್ತಾ ಬಡಿಯುತ್ತಾ ಅವಳು ವೇದಿಕೆಯ ಅಂಚಿಗೆ ಬಂದದ್ದನ್ನು ಎಲ್ಲರೂ ನೋಡಿದರು, ನಾನೊಬ್ಬ ಕೂಡಿಸುತ್ತಾ ಕೂತಿದ್ದೆ. ಕೊನೆಯ ಏಟು ನಮ್ಮ ಮೇಜಿಗೆ ಬಿತ್ತು. ಸ್ಟೀಲ್ ಚೊಂಬು ಹಾರಿತು. ನೀರೆಲ್ಲ ನನ್ನ ದುಂಡನೆಯ ಅಕ್ಷರದ ಮೇಲೆ.

ಜನ ಚಪ್ಪಾಳೆ ತಟ್ಟಿದರು, ಓಬವ್ವನಿಗೆ. ನಾನು ಕೈಗೆ ಸಿಕ್ಕಿದ ಕಾಗದ ತೆಗೆದುಕೊಂಡು ಗಡಿಬಿಡಿಯಲ್ಲಿ ನೀರು ಒರೆಸಿದೆ. ಒರೆಸಿದ್ದು ಮೂವರ ಮೂಲ ಅಂಕಪಟ್ಟಿಗಳಲ್ಲಿ ಅನ್ನುವುದು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದ ಮೇಲೆ ಹೊಳೆಯಿತು. ಹೊಳೆದರೂ ಬಾಯಿ ಬಿಡಲಿಲ್ಲ. ಎದುರಿಗಿದ್ದ ಹಾಳೆಯಲ್ಲಿ ಜೆಲ್ ಇಂಕು ಹರಡಿ ಅಂಕಗಳು ಮೋಡದ ಹಾಗೆ ತೇಲುತ್ತಿದ್ದವು. ಅತಿ ಹೆಚ್ಚು ಅಂಕ ಬಂದ ಸಾಲು ಕಾಣುತ್ತಿತ್ತು. ಅದರ ನಂಬರಿನ ಎರಡನೆಯ ಒಂದಕ್ಕೆ ಇಂಕು ಬಾಲ ಬಿಟ್ಟು ಅದು ಏಳಾಗಿತ್ತು. ಅಷ್ಟು ಮಕ್ಕಳನ್ನು ನೋಡಿದ ಮೇಲೆ ಯಾರ ನಂಬರು ಯಾವುದೆಂದು ತಲೆಯಲ್ಲಿ ಉಳಿದಿದ್ದರೆ ತಾನೇ! ‘ಮೊದಲನೆಯ ಸ್ಥಾನ, ನಂಬರ್ 17’ ಅಂತ ಹೊಸ ಹಾಳೆಯಲ್ಲಿ ಬರೆದು, ಸಹಿ ಹಾಕಿ, ಕೆಳಗೆ ‘ಮುಖ್ಯ ತೀರ್ಪುಗಾರರು’ ಅಂತಲೂ ಬರೆದು ಕೊಟ್ಟೆ.

ಬಹುಮಾನದ ಹೊತ್ತಿಗೆ ಮೈಕಿನಲ್ಲಿ 17ನ್ನು ಕರೆದರು. ಯಾರೂ ಬರಲಿಲ್ಲ. ಮತ್ತೆ ಕರೆದರು. ‘ನಾಚಿಕೊಳ್ಳಬೇಡ, ಬಾ ಮಗು’ ಅಂತ ಡೇರಿ ಕಾರ್ಯದರ್ಶಿ ಪ್ರೋತ್ಸಾಹಿಸಿದರು. ನಾನು ಮೈಕ್ ಇಸಿದುಕೊಂಡು, ಬೆಳಿಗ್ಗೆಯಿಂದ ಉಳಿದಿದ್ದ ಭಾಷಣದ ಆಸೆಯನ್ನೂ ಸೇರಿಸಿ, ‘ಈ ಮಗುವಿನ ಅಭಿನಯ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ’ ಅಂತ ಎರಡು ಮಾತಾಡಿದೆ. ಹಿಂದಿನ ಸಾಲಿನಿಂದ ಒಬ್ಬರು ಹೆಡ್‌ಮೇಷ್ಟ್ರು ಎದ್ದು ನಿಂತರು.

‘ಸಾರ್, 17 ನಮ್ಮ ಸ್ಕೂಲಿನ ಹುಡುಗ. ಜ್ವರ ಬಂದು ಇವತ್ತು ಬಂದೇ ಇಲ್ಲ.’

ಶಾಮಿಯಾನ ಒಂದು ಗಳಿಗೆ ತೆಪ್ಪಗಾಯಿತು. ಆಮೇಲೆ ಮರದ ಕೆಳಗೆ ಬೀಡಿ ಸೇದುತ್ತಿದ್ದ ಯಜಮಾನರೊಬ್ಬರು ಜೋರಾಗಿಯೇ ಅಂದರು: ‘ಯಾರ್ ಕಣ್ಗೂ ಬೀಳ್ದಂಗೆ ವೇಷ ಹಾಕವ್ನೆ ಅಂದ್ರೆ ಪಷ್ಟ್ ಪ್ರೈಜು ಕೊಡ್ಲೇಬೇಕು ಬುಡಿ.’

ನಗು ನಿಲ್ಲುವ ಮೊದಲೇ ಸಿಆರ್‌ಪಿ ಕಸದ ಬುಟ್ಟಿಗೆ ಕೈ ಹಾಕಿದ್ದರು. ಮುದ್ದೆ ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿ ತೀಡಿದರು. ನನ್ನದು ಪೂರ್ತಿ ನೀಲಿ. ಮೂರನೆಯವರದು ಅರ್ಧ ಹರಿದಿತ್ತು. ಮೇಡಂ ಹಾಳೆಯಲ್ಲಿ ಎರಡು ರೂಪಾಯಿ ಚಿಲ್ಲರೆಯ ಬಾಲ್ ಪೆನ್ನಿನ ಅಂಕಗಳು ಒಂದೂ ಅಲುಗಾಡದೆ ಕೂತಿದ್ದವು. 11, ತಿಮ್ಮಕ್ಕ. ಹುಡುಗಿಯ ಕೂದಲಿನ ಹತ್ತಿ ಅಷ್ಟರಲ್ಲಿ ಉದುರಿ, ಬಿಂದಿಗೆಯಲ್ಲಿ ತಂಗಿ ಕಲ್ಲು ತುಂಬಿಸಿ ಆಡುತ್ತಿದ್ದಳು. ಡಬ್ಬಿ ತೆಗೆದುಕೊಂಡು, ಎಲ್ಲರಿಗೂ ನಮಸ್ಕಾರ ಮಾಡಿ, ನನಗೂ ಮಾಡಿ ಹೋದಳು.

ಜ್ವರದ ಹುಡುಗನ ಮನೆಗೆ ಮಾತ್ರ ಮೊದಲನೆ ಬಹುಮಾನದ ಸುದ್ದಿ ಮುಟ್ಟಿಬಿಟ್ಟಿತ್ತು. ಅವರಪ್ಪ ಡಬ್ಬಿ ಕೇಳಿಕೊಂಡು ಬಂದರು. ಆ ಡಬ್ಬಿಯನ್ನು ನಾನು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಕೊಂಡು ಕೊಟ್ಟೆ. ಅವರು ಖುಷಿಯಾಗಿ ಒಂದು ಪಾಲಿಸಿಯನ್ನಾದರೂ ಮಾಡಿಸಬಹುದು ಅಂತ ಆಸೆ ಇತ್ತು, ಅದೂ ಆಗಲಿಲ್ಲ.

ತಿಮ್ಮಕ್ಕನ ಹುಡುಗಿ ತಾಲ್ಲೂಕಿಗೆ ಹೋದಳು. ಅಲ್ಲಿಗೆ ನನ್ನನ್ನು ಯಾರೂ ಕರೆಯಲಿಲ್ಲ, ಆ ಮಟ್ಟಿಗೆ ಇಲಾಖೆ ಎಚ್ಚರವಾಗಿಯೇ ಇದೆ. ಆದರೂ ಬಿಇಒ ಸಾಹೇಬರಲ್ಲಿ ನನ್ನದೊಂದು ಅರಿಕೆ. ಮೇಷ್ಟ್ರುಗಳಿಗೆ ವರ್ಷವಿಡೀ ಕೊಡುವ ತರಬೇತಿಯಲ್ಲಿ ಅರ್ಧ ದಿನ ಕಡಿಮೆ ಮಾಡಿ, ಅದನ್ನು ತೀರ್ಪುಗಾರರಿಗೆ ಕೊಡಿ. ಕೂಡುವ ಲೆಕ್ಕ ಮೇಡಂ ಹೇಳಿಕೊಡಲಿ, ಮಣ್ಣಿನ ಪಾಠಕ್ಕೆ ಆ ಎತ್ತಿನ ಹುಡುಗನನ್ನು ಕರೆಸಿ. ಊಟದ ವ್ಯವಸ್ಥೆ ಬೇಡ, ಬುತ್ತಿ ನಾನೇ ತರುತ್ತೇನೆ.