ಸ್ಕ್ರೂ ಮುಟ್ಟುವ ಮುನ್ನ: ಜೋಡಿ ಕಾರ್ಬುರೇಟರುಗಳ ಸಂದರ್ಶನ

ಹಳೆಯ ಬೈಕು ಕೆಮ್ಮಿದರೆ ನಮ್ಮೂರಲ್ಲಿ ಮೊದಲು ಬೈಸಿಕೊಳ್ಳುವುದು ಕಾರ್ಬುರೇಟರ್. ಸ್ಕ್ರೂಡ್ರೈವರ್ ನೇರವಾಗಿ ಹೋಗುವುದೂ ಅದರ ಕಡೆಗೇ. ಆರೋಪಿಯ ಹೇಳಿಕೆಯನ್ನೂ ಪಡೆಯಬೇಕಲ್ಲ ಎಂದು, ಆರ್.ಟಿ. ನಗರದ ಗ್ಯಾರೇಜೊಂದರಲ್ಲಿ ಪೆಟ್ರೋಲ್ ಸ್ನಾನ ಮುಗಿಸಿ ಬೆಂಚಿನ ಮೇಲೆ ಕೂತಿದ್ದ ರಾಜದೂತ್ 350ರ ಜೋಡಿಯನ್ನು ಮಾತಿಗೆಳೆಯಲಾಯಿತು. ಯಮಹಾ ಆರ್‌ಡಿ 350 ಗಾಡಿಯನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ಈ ಹೆಸರಲ್ಲಿ ಇಲ್ಲೇ ತಯಾರಿಸಿತು: ಟೂ ಸ್ಟ್ರೋಕ್, ಎರಡು ಸಿಲಿಂಡರ್, ಒಂದೊಂದಕ್ಕೂ ಬೇರೆ ಬೇರೆ ಕಾರ್ಬುರೇಟರ್. ಎಡಗಡೆಯದು ವಾಚಾಳಿ. ಉತ್ತರಗಳು ಬಹುಪಾಲು ಅದರವೇ.

ಪ್ರಶ್ನೆ: ಯೆಜ್ಡಿ ಬೈಕಿಗೆ ಇಲ್ಲದ, ಎರಡು ಕಾರ್ಬುರೇಟರುಗಳನ್ನು ಸರಿಗೂಡಿಸುವ ಈ ಬ್ಯಾಲೆನ್ಸಿಂಗ್ ರಗಳೆ ನಿಮಗೇಕೆ?

ಎಡ: ಯೆಜ್ಡಿಯ ಹೆಸರೆತ್ತಿದಿರಲ್ಲ, ಎಡವಟ್ಟು ಶುರುವಾಗಿದ್ದೇ ಅಲ್ಲಿಂದ ಸಾರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವ ತನಕ ಬಿಟ್ಟ 250 ಸಿಸಿ ಯೆಜ್ಡಿ ಗಾಡಿಗಳಿಗೆ ಸೈಲೆನ್ಸರ್ ಎರಡು, ಆದರೆ ಸಿಲಿಂಡರ್ ಒಂದೇ, ಕಾರ್ಬುರೇಟರೂ ಒಂದೇ. ಅದರಲ್ಲಿ ಕೈ ಪಳಗಿದವರು ನಮ್ಮನ್ನೂ ಅದೇ ಲೆಕ್ಕಕ್ಕೆ ಹಿಡಿದರು. ನಮ್ಮದು ಜೋಡೆತ್ತಿನ ಬಾಳು. ಆಕ್ಸಿಲರೇಟರ್ ತಿರುಗಿಸಿದಾಗ ಕೇಬಲ್ಲು ಗಾಳಿಯ ದಾರಿ ತೆರೆಯುವ ನಮ್ಮಿಬ್ಬರ ಸ್ಲೈಡನ್ನೂ ಒಟ್ಟಿಗೆ ಎತ್ತಬೇಕು. ನನ್ನದು ಮೊದಲು ಎದ್ದರೆ ಭಾರವೆಲ್ಲ ಎಡ ಸಿಲಿಂಡರಿಗೆ, ಬಲದ್ದು ಸುಮ್ಮನೆ ನೊಗ ಹೊತ್ತುಕೊಂಡು ಬರುತ್ತದೆ. ದೇವನಹಳ್ಳಿ ರಸ್ತೆಯಲ್ಲಿ ಪೂರ್ತಿ ತೆರೆದು ಓಡುವಾಗ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಯಾರಿಗೂ ತಿಳಿಯುವುದಿಲ್ಲ. ಹೆಬ್ಬಾಳದ ದಟ್ಟಣೆಯಲ್ಲಿ ಸ್ಲೈಡ್ ಎದ್ದಿರುವುದೇ ಒಂದೆರಡು ಮಿಲಿಮೀಟರ್. ಅಲ್ಲಿ ಅರ್ಧ ಎಂದರೆ ಕಾಲುಪಾಲೋ ಅರ್ಧಪಾಲೋ ವ್ಯತ್ಯಾಸ. ಬೆಂಗಳೂರಿನ ಗಾಡಿಗೆ ಬ್ಯಾಲೆನ್ಸ್ ಬೇಕಿರುವುದು ವೇಗಕ್ಕಲ್ಲ, ತೆವಳುವುದಕ್ಕೆ.

ಪ್ರಶ್ನೆ: ಅದಕ್ಕೇ ತಾನೆ ಸ್ಕ್ರೂ ಇರುವುದು? ತಿರುಗಿಸಿದರೆ ತಪ್ಪೇನು?

ಎಡ: ತಪ್ಪು ತಿರುಗಿಸುವುದರಲ್ಲಿಲ್ಲ, ಮೊದಲೇ ತಿರುಗಿಸುವುದರಲ್ಲಿದೆ. ಈ ಗಾಡಿಗೆ ಪ್ಲಗ್ಗಿನ ಕಿಡಿಯ ಹೊತ್ತು ನಿರ್ಧರಿಸಲು ಸಿಲಿಂಡರಿಗೊಂದರಂತೆ ಎರಡು ಪಾಯಿಂಟ್ ಸೆಟ್. ಒಂದರ ಗ್ಯಾಪ್ ಕೆಟ್ಟು ಟೈಮಿಂಗ್ ಜಾರಿದರೂ ಗಾಡಿ ಒಂದೇ ಕಾಲಲ್ಲಿ ಕುಂಟುತ್ತದೆ, ಬೈಗುಳ ನನಗೆ. ನಮ್ಮನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಸೀಳಿದರೆ ನನ್ನನ್ನು ದಾಟಿದ ಮೇಲೆ ಕಳ್ಳಗಾಳಿ ನುಗ್ಗುತ್ತದೆ. ಆ ಗಾಳಿಯ ಲೆಕ್ಕ ನನ್ನ ಯಾವ ಸ್ಕ್ರೂವಿಗೂ ಸಿಗದು. ಆದರೂ ಐಡ್ಲಿಂಗ್ ನಿಲ್ಲದಿದ್ದರೆ ಸ್ಲೈಡ್ ಸ್ವಲ್ಪ ಎತ್ತು, ಮತ್ತೂ ನಿಲ್ಲದಿದ್ದರೆ ಇನ್ನಷ್ಟು ಎತ್ತು. ದಟ್ಟಣೆಗೆ ಕಾರಣ ಹುಡುಕುವ ಬದಲು ಹೆಬ್ಬಾಳ ಮೇಲ್ಸೇತುವೆಗೆ ಲೂಪಿನ ಮೇಲೆ ಲೂಪ್ ಸೇರಿಸುವ ಊರಿನವರಲ್ಲವೇ! ಕಳ್ಳಗಾಳಿ ಹಾಗೇ ಉಳಿದರೆ ಅಪಾಯ: ಟೂ ಸ್ಟ್ರೋಕ್‌ನಲ್ಲಿ ಒಳಬರುವ ಮಿಶ್ರಣವೇ ಪಿಸ್ಟನ್ನನ್ನು ತಣ್ಣಗಿಡುವುದು. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಿದ ಕಡೆ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ಬಲ (ಮೊದಲ ಸಲ ಬಾಯಿಬಿಟ್ಟು): ಇನ್ನೊಂದು ಹೇಳು. ನಮ್ಮ ಬಾಯಿಯ ಕಡೆ ಇರುವುದು ಗಾಳಿ ಸ್ಕ್ರೂ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಬೇರೆ ಎಷ್ಟೋ ಗಾಡಿಗಳಲ್ಲಿ ಎಂಜಿನ್ ಕಡೆ ಇರುವ ಸ್ಕ್ರೂ ಇದಕ್ಕೆ ತದ್ವಿರುದ್ಧ. ಯಾವುದು ಯಾವುದೆಂದು ತಿಳಿಯದೆ ತಿರುಗಿಸುವವರಿಗೆ ಕೈಮುಗಿದೆ.

ಪ್ರಶ್ನೆ: ಅನುಭವಿ ಮೆಕ್ಯಾನಿಕ್ ಕಿವಿಗೊಟ್ಟೇ ಟ್ಯೂನ್ ಮಾಡುತ್ತಾನೆ. ಅದನ್ನೂ ಅಲ್ಲಗಳೆಯುತ್ತೀರಾ?

ಎಡ: ಆ ಕಿವಿಗೆ ನಮಸ್ಕಾರ. ಆದರೆ ಕಿವಿಗೆ ಕೇಳುವುದು ಇಬ್ಬರ ಒಟ್ಟು ಮೊತ್ತ. ನಾನು ಮೂರು ಪಾಲು ದುಡಿದು ಇವನು ಒಂದು ಪಾಲು ದುಡಿದರೂ ಐಡ್ಲಿಂಗ್ ನಿಂತೀತು. ಪಾಲು ಗೊತ್ತಾಗಬೇಕಾದರೆ ಬೇರೆ ಸಾಕ್ಷಿ ಬೇಕು, ಅದಕ್ಕೆ ದುಡ್ಡೂ ಬೇಕಿಲ್ಲ. ಫಿಲ್ಟರ್ ಬಿಚ್ಚಿ, ನಮ್ಮಿಬ್ಬರ ಬಾಯಿಗೂ ಬೆರಳಿಟ್ಟು, ಆಕ್ಸಿಲರೇಟರ್ ನಿಧಾನಕ್ಕೆ ತಿರುಗಿಸಿದರೆ ಯಾರ ಸ್ಲೈಡ್ ಮೊದಲು ಅಲುಗಿತೆಂದು ಬೆರಳೇ ಹೇಳುತ್ತದೆ. ಕೇಬಲ್ ಅಡ್ಜಸ್ಟರಿನಲ್ಲಿ ಅದನ್ನು ಸರಿಗೂಡಿಸಬೇಕು. ಯೆಜ್ಡಿಯಂತಲ್ಲ, ಇಲ್ಲಿ ಸೈಲೆನ್ಸರಿಗೊಂದು ಸಿಲಿಂಡರ್. ಹಿಂದೆ ಎರಡು ಅಂಗೈ ಹಿಡಿದರೆ ಹೊಗೆಯ ತಳ್ಳು ಹೋಲಿಸಬಹುದು. ಕೊನೆಗೆ ಪ್ಲಗ್: ಕಾಫಿಪುಡಿ ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ಗಾಳಿ ಹೆಚ್ಚು, ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಎರಡು ಪ್ಲಗ್ ಎರಡು ಬಣ್ಣವಾದರೆ ಕಿವಿ ಏನೇ ಹೇಳಲಿ, ನಂಬಬೇಡಿ.

ಪ್ರಶ್ನೆ: ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ? ಅದು ಸರ್ಕಾರಿ ಸಾಕ್ಷಿ.

ಎಡ: 2000ದ ಮಾರ್ಚ್ ಅಂತ್ಯಕ್ಕೆ ಮೊದಲು ತಯಾರಾದ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 4.5. ಅಳೆಯುವುದು ಐಡ್ಲಿಂಗ್‌ನಲ್ಲಿ. ಆಗ ಪೆಟ್ರೋಲ್ ಬಿಡುವ ಕೆಲಸ ಮಾಡುವುದು ಪೈಲಟ್ ಜೆಟ್ ಎಂಬ ನನ್ನ ಸಣ್ಣ ರಂಧ್ರ ಮಾತ್ರ. ಸ್ಲೈಡ್ ಕಾಲುಭಾಗ ಏರಿದ ಮೇಲೆ ಆಳ್ವಿಕೆ ಸೂಜಿಯದು, ಮುಕ್ಕಾಲು ದಾಟಿದರೆ ಮೇನ್ ಜೆಟ್ಟಿನದು. ಅವೆರಡೂ ಪರೀಕ್ಷೆಗೆ ಕೂರುವುದೇ ಇಲ್ಲ. ಗಾಳಿ ಸ್ಕ್ರೂ ಸ್ವಲ್ಪ ಸಡಿಲಿಸಿ ಚೀಟಿ ಪಡೆದು, ಗೇಟು ದಾಟಿದ ಮೇಲೆ ಬಿಗಿಸುವ ಜಾಣರನ್ನೂ ನಾವು ಬಲ್ಲೆವು.

ಪ್ರಶ್ನೆ: ಇಷ್ಟೆಲ್ಲ ಏಕೆ? ಇಂಜೆಕ್ಷನ್ ಗಾಡಿ ಕೊಂಡರೆ ಮುಗಿಯಿತು.

ಎಡ: ಒಪ್ಪಿದೆ. 2020ರ ಏಪ್ರಿಲ್ 1ರಂದು ಬಿಎಸ್ 6 ಮಾಲಿನ್ಯ ನಿಯಮ ಬಂದ ಮೇಲೆ ನಮ್ಮ ಕುಲಕ್ಕೆ ಹೊಸ ನೌಕರಿ ಸಿಕ್ಕಿದ್ದು ಅಪರೂಪ. ಇಂಜೆಕ್ಷನ್ನಿಗೆ ಸೆನ್ಸರ್ ಇದೆ, ನನಗಿರುವುದು ರಂಧ್ರ ಮಾತ್ರ. ಯಲಹಂಕ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತೆಳು, ಹಾಗಾಗಿ ಸಮುದ್ರಮಟ್ಟಕ್ಕೆಂದು ಕೊರೆದ ಜೆಟ್ ಇಲ್ಲಿ ತುಸು ಹೆಚ್ಚೇ ಪೆಟ್ರೋಲ್ ಬಿಡುತ್ತದೆ. ಈಗ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಅದರ ತೂಕದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಆಮ್ಲಜನಕವಿರುವುದರಿಂದ ಅದೇ ಜೆಟ್ ಗಾಳಿ ಹೆಚ್ಚಿದಂತೆ ವರ್ತಿಸುತ್ತದೆ. ಬೆಂಗಳೂರಲ್ಲಿ ಒಂದು ತಪ್ಪು ಇನ್ನೊಂದನ್ನು ಅಷ್ಟಿಷ್ಟು ಮುಚ್ಚುತ್ತದೆ. ಶಿರಾಡಿ ಇಳಿದು ಮಂಗಳೂರು ತಲುಪಿದರೆ ಆ ರಿಯಾಯಿತಿ ಇಲ್ಲ, ಅಲ್ಲಿ ಮೇನ್ ಜೆಟ್ ದೊಡ್ಡದು ಬೇಕಾದೀತು.

ಆರೋಪಿ ಪೂರ್ತಿ ನಿರ್ದೋಷಿಯೇನಲ್ಲ. ಸ್ಲೈಡ್ ಸವೆಯುತ್ತದೆ, ಜೆಟ್ ಕಟ್ಟಿಕೊಳ್ಳುತ್ತದೆ, ಫ್ಲೋಟ್ ಕೈಕೊಟ್ಟು ಪೆಟ್ರೋಲ್ ಸೋರುತ್ತದೆ. ಆದರೆ ಅದರ ವಾದದ ತಿರುಳನ್ನು ಅಲ್ಲಗಳೆಯುವಂತಿಲ್ಲ. ಹಳೆಯ ಜೋಡಿ ಸಿಲಿಂಡರ್ ಗಾಡಿ ಇಟ್ಟುಕೊಂಡವರು ಯಶವಂತಪುರದಲ್ಲೋ ಆರ್.ಟಿ. ನಗರದಲ್ಲೋ ಗ್ಯಾರೇಜಿಗೆ ಹೋದಾಗ ಪಾಯಿಂಟ್ ಮೊದಲು ನೋಡಿಸಿ, ಆಮೇಲೆ ರಬ್ಬರ್, ಆಮೇಲೆ ಸ್ಲೈಡ್. ಗಾಳಿ ಸ್ಕ್ರೂ ಕಡೆಗೆ. ಎರಡೂ ಪ್ಲಗ್ ಬಿಚ್ಚಿ ತೋರಿಸುವ ತನಕ ದುಡ್ಡು ಕೊಡಬೇಡಿ.