ಭದ್ರೆಯ ಕೆಸರಿನ ಮುರುಗೋಡಿಗೆ ಒಂದು ಬಹಿರಂಗ ಪತ್ರ

ಭದ್ರಾವತಿ ಸೇತುವೆಯ ಕೆಳಗೆ ಕೆಸರಲ್ಲಿ ವಾಸವಾಗಿರುವ ಮೀಸೆ ಮೀನು ಶ್ರೀಮಾನ್ ಮುರುಗೋಡು ಅವರೇ,

ನಾನು ಕ್ಷೇಮ. ನೀವೂ ಕ್ಷೇಮವೇ ಇರಬೇಕು, ಏಕೆಂದರೆ ಸರ್ಕಾರಿ ಲೆಕ್ಕದಲ್ಲಿ ನಿಮ್ಮ ಕ್ಷೇಮಕ್ಕೆ ಬೇಕಾದದ್ದು ಮೂರೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆ ಮಾಡಿದೆ. ಮೀನುಗಳದ್ದು ‘ಡಿ’. ಪಿಎಚ್ 6.5ರಿಂದ 8.5ರೊಳಗಿರಬೇಕು, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗೆ ಕಮ್ಮಿಯಾಗಬಾರದು, ಅಮೋನಿಯಾ 1.2 ಮಿಲಿಗ್ರಾಂ ದಾಟಬಾರದು. ಮುಗೀತು. ಆ ಆಮ್ಲಜನಕವೂ ನಿಮ್ಮ ಮಟ್ಟಿಗೆ ದುಂದುವೆಚ್ಚ. ನೀವು ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುವ ಜಾತಿ. ಲಿವರಿನ ಸುದ್ದಿ ಪಟ್ಟಿಯಲ್ಲಿಲ್ಲ. ಅಲ್ಲಿ ಗಂಟುಗಿಂಟು ಇದ್ದರೆ ಅದು ನಿಮ್ಮ ಮನೆ ವಿಷಯ.

ಅಮೆರಿಕದ ನಿಮ್ಮ ದಾಯಾದಿಗಳು ಮಾಡಿಕೊಂಡ ರಾದ್ಧಾಂತ ಗೊತ್ತೇ? ಓಹಾಯೊದ ಬ್ಲ್ಯಾಕ್ ನದಿಯಲ್ಲಿ, ಉಕ್ಕಿನ ಕಾರ್ಖಾನೆಯ ಕಲ್ಲಿದ್ದಲಿನಿಂದ ಕೋಕ್ ಮಾಡುವ ಘಟಕದ ಮಗ್ಗುಲಲ್ಲಿ, ಬುಲ್‌ಹೆಡ್ ಎಂಬ ಮೀಸೆ ಮೀನುಗಳಿದ್ದವು. ಕಲ್ಲಿದ್ದಲ ಟಾರಿನ ಪಿಎಎಚ್ ಎಂಬ ರಾಸಾಯನಿಕಗಳು ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ. ಕೆಸರು ಹಿಡಿದು ಕೂರುತ್ತವೆ. ಕೆಸರು ಕೆದಕಿ ಉಣ್ಣುವವರ ಹೊಟ್ಟೆ ಸೇರುತ್ತವೆ. ವಿಷ ಹೊರಹಾಕಲು ಹೊರಟ ಲಿವರೇ ಅವನ್ನು ಡಿಎನ್‌ಎಗೆ ಮೆತ್ತಿಕೊಳ್ಳುವ ರೂಪಕ್ಕೆ ತರುತ್ತದೆ. 1982ರಲ್ಲಿ ಅಲ್ಲಿ ಮೂರು ವರ್ಷ ತುಂಬಿದ ಮೀನುಗಳಲ್ಲಿ ನೂರಕ್ಕೆ 39ಕ್ಕೆ ಲಿವರ್ ಕ್ಯಾನ್ಸರ್. 1983ರಲ್ಲಿ ಕೋಕ್ ಘಟಕ ಮುಚ್ಚಿತು. 1987ಕ್ಕೆ ಅದು ನೂರಕ್ಕೆ 10. ಯಾರೋ ಕೆಲಸವಿಲ್ಲದವರು ಹೊಟ್ಟೆ ಸೀಳಿ ನೋಡಿದ್ದರಿಂದ ಇಷ್ಟೆಲ್ಲ! ನಮ್ಮ ದರ್ಜೆಪಟ್ಟಿಗೆ ಅಂಥ ಕೆಟ್ಟ ಕುತೂಹಲವಿಲ್ಲ. ಅದು ಕೇಳುವುದು ಒಂದು ಬಾಟಲಿ ನೀರು. ಬಾಟಲಿಗೆ ಲಿವರಿಲ್ಲ.

ದಯವಿಟ್ಟು ಭದ್ರಾವತಿಯ ಚರಿತ್ರೆಯನ್ನೂ ಕೆದಕಬೇಡಿ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದದ್ದೇ ಮಲೆನಾಡಿನ ಮರ ಬಟ್ಟಿ ಇಳಿಸಿದ ಇದ್ದಿಲಿನಿಂದ. ಬಟ್ಟಿ ಇಳಿಸಿದಲ್ಲಿ ಟಾರು ಇದ್ದದ್ದೇ. ಕಲ್ಲಿದ್ದಲ ಟಾರು ಬಳಿದ ಮೊಲದ ಕಿವಿಯಲ್ಲಿ ಕ್ಯಾನ್ಸರ್ ಹುಟ್ಟುತ್ತದೆಂದು ಜಪಾನಿನ ಯಾಮಾಗಿವಾ 1915ರಲ್ಲೇ ತೋರಿಸಿದ್ದರು, ಇರಲಿ ಬಿಡಿ. 1936ರಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿತು. ಊರಿಗೆ ಅನ್ನ ಹಾಕಿದ ಚಿಮಣಿಗಳು ಅವು. ಕಾಗದದ ಕಾರ್ಖಾನೆ ಎಂಪಿಎಂ ನಿಂತು, ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಏದುಸಿರು ಬಿಡುತ್ತಿರುವಾಗ ಕ್ವಾರ್ಟರ್ಸ್ ಜನರೆದುರು ನಿಮ್ಮ ಲಿವರಿನ ಮಾತೆತ್ತಲು ನನಗೂ ನಾಲಿಗೆ ಹೊರಳದು. ತಮಾಷೆಯಲ್ಲ, ನಿಜವಾಗಿ. ಆದರೆ ಕಾರ್ಮಿಕರಿಗೆ ಸ್ವಯಂನಿವೃತ್ತಿಯ ವಿಆರ್‌ಎಸ್ ಕೊಡಬಹುದು, ಕೆಸರಿಗೆ ಕೊಡಲಾಗುವುದಿಲ್ಲ ನೋಡಿ.

ತೀರಾ ಬೇಸರವಾದರೆ ವಲಸೆ ಹೋಗಿ. ತೀರ್ಥಹಳ್ಳಿ ಹತ್ತಿರ ಚಿಪ್ಪಲಗುಡ್ಡೆ ಮತ್ಸ್ಯಧಾಮವಿದೆ. ಅಲ್ಲಿ ಮೀನು ಹಿಡಿಯುವಂತಿಲ್ಲ. ದಾರಿ ಸಲೀಸು. ಭದ್ರೆಯ ಗುಂಟ, ತುಂಗೆ ಸೇರುವ ಕೂಡಲಿವರೆಗೆ ಇಳಿದು, ಎಡಕ್ಕೆ ತಿರುಗಿ ತುಂಗೆ ಹತ್ತಿ. ಶಿವಮೊಗ್ಗ ಬಂದಾಗ ಬಾಯಿ ಬಿಗಿಹಿಡಿಯಿರಿ, ನಮ್ಮ ಚರಂಡಿ ಸೇರುವ ಜಾಗ. ಗಾಜನೂರಲ್ಲಿ ಅಣೆಕಟ್ಟು ಅಡ್ಡ ಬರುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ತೆವಳುವ ವಿದ್ಯೆ ನಿಮಗಿದೆಯಲ್ಲ. ತೀರ್ಥಹಳ್ಳಿ ರಸ್ತೆ ದಾಟುವಾಗ ಲಾರಿ ನೋಡಿಕೊಂಡು ದಾಟಿ.

ಇಂತಿ,
ನಿಮಗಿಂತ ಒಂದೇ ದರ್ಜೆ ಮೇಲಿನ, ನಲ್ಲಿ ನೀರಿನ ಶಿವಮೊಗ್ಗದವ