ಊರಿಗೆಲ್ಲ ಒಂದೇ ಮೈಕು

ಮದುವೆ ಗೊತ್ತಾದ ಕೂಡಲೇ ಅಡುಗೆಯವರು, ಶಾಮಿಯಾನದವರು ಆದ ಮೇಲೆ ಹೇಳಬೇಕಾದ್ದು ಮೈಕಿನವರಿಗೆ. ಅವರು ಹೊತ್ತು ತರುವುದರಲ್ಲಿ ನಿಜವಾದ ಮೈಕು ಗೇಣುದ್ದದ್ದು. ಮಿಕ್ಕಿದ್ದು ಆಂಪ್ಲಿಫೈಯರು, ವಯರಿನ ಸಿಂಬೆ, ತೆಂಗಿನ ಮರಕ್ಕೆ ಬಿಗಿಯುವ ಹಾರ್ನು. ಆದರೂ ಎಲ್ಲದರ ಹೆಸರೂ ಮೈಕೇ. ಮರಕ್ಕೆ ಕಟ್ಟುವುದು ಮೈಕು, ಬಾಡಿಗೆಗೆ ತರುವುದು ಮೈಕು, ರಾತ್ರಿ ನಿದ್ದೆ ಕೆಡಿಸುವುದು ಮೈಕು. ದೊಡ್ಡ ಗಂಟಲಿನ ಸೋದರತ್ತೆಗೂ ಬೆನ್ನ ಹಿಂದೆ ಅದೇ ಬಿರುದು. ಪೊಲೀಸ್ ಠಾಣೆಯ ಅರ್ಜಿಯಲ್ಲಿ ಮಾತ್ರ ಅದು ‘ಧ್ವನಿವರ್ಧಕ’. ಮೆಟ್ಟಿಲಿಳಿದರೆ ಮತ್ತೆ ಮೈಕು.

ಬಲ್ಲವರು ತಿದ್ದುತ್ತಾರೆ: ‘ಕೇಳಿಸಿಕೊಳ್ಳುವುದು ಮೈಕು ಕಣ್ರೀ, ಕೇಳಿಸುವುದು ಸ್ಪೀಕರು!’ ಅವರು ಒಮ್ಮೆ ಎರಡನ್ನೂ ಬಿಚ್ಚಿ ನೋಡಬೇಕು. ಸಭೆಯ ಸಾಮಾನ್ಯ ಮೈಕಿನೊಳಗಿರುವುದು ಒಂದು ತೆಳು ಪೊರೆ, ಅದಕ್ಕಂಟಿದ ತಂತಿಸುರುಳಿ, ಒಂದು ಅಯಸ್ಕಾಂತ. ಹಾರ್ನಿನ ಬುಡದಲ್ಲಿರುವುದೂ ಅವೇ ಮೂರು. ಒಂದರಲ್ಲಿ ದನಿ ಸುರುಳಿಯನ್ನು ಅಲುಗಿಸಿ ವಿದ್ಯುತ್ತಾಗುತ್ತದೆ. ಇನ್ನೊಂದರಲ್ಲಿ ವಿದ್ಯುತ್ತು ಸುರುಳಿಯನ್ನು ಅಲುಗಿಸಿ ದನಿಯಾಗುತ್ತದೆ. ಹಳೆಯ ಇಂಟರ್‌ಕಾಮುಗಳಲ್ಲಿ ಒಂದೇ ಸ್ಪೀಕರು ಸರದಿಯ ಮೇಲೆ ಕಿವಿಯೂ ಬಾಯಿಯೂ ಆಗುತ್ತಿತ್ತು. ಹಾಗಾಗಿ ಎರಡಕ್ಕೂ ಒಂದೇ ಹೆಸರಿಟ್ಟ ನಮ್ಮೂರವರು ಭೌತಶಾಸ್ತ್ರಕ್ಕೆ ಅಪಚಾರವನ್ನೇನೂ ಮಾಡಿಲ್ಲ.

ಈ ದಾಯಾದಿಗಳನ್ನು ಎದುರುಬದುರು ಮಾತ್ರ ನಿಲ್ಲಿಸಬಾರದು. ಹಾರ್ನು ಆಡಿದ್ದನ್ನು ಮೈಕು ಕೇಳಿಸಿಕೊಂಡು, ಅದನ್ನೇ ಮತ್ತೆ ಹಾರ್ನಿಗೆ ಹೇಳಿ, ‘ಕುಂಯ್’ ಎಂಬ ಕಿರುಚಾಟ ಏಳುತ್ತದೆ. ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಂಡು ‘ಲೋ, ಸೌಂಡ್ ಕಮ್ಮಿ ಮಾಡೋ!’ ಎಂದು ಕೂಗುತ್ತಾರೆ. ಆ ಕೂಗಿಗೆ ಯಾವ ಮೈಕೂ ಬೇಕಾಗುವುದಿಲ್ಲ.

1915ರ ಡಿಸೆಂಬರಿನಲ್ಲಿ ಜೆನ್ಸನ್, ಪ್ರಿಧಮ್ ಎಂಬಿಬ್ಬರು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಜನಸಂದಣಿಗೆ ವಿದ್ಯುತ್ತಿನಿಂದ ಹಿಗ್ಗಿಸಿದ ದನಿ ಕೇಳಿಸಿದರು. ನಮ್ಮ ಬಯಲಾಟದ ಭಾಗವತರು ಆಗ ಬರಿಗಂಟಲಲ್ಲೇ ಬೆಳಗು ಹರಿಸುತ್ತಿದ್ದರು. ಈಗ ಹತ್ತು ಜನರ ಕೋಣೆಯಲ್ಲೂ ಮೈಕಿಲ್ಲದೆ ಸ್ವಾಗತ ಭಾಷಣ ಹೊರಡುವುದಿಲ್ಲ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಉತ್ಸವ ಸಮಿತಿಯವರನ್ನು ಕೇಳಿ ನೋಡಿ: ನಿಷೇಧವಿರುವುದು ಧ್ವನಿವರ್ಧಕಕ್ಕೆ, ಅವರು ಹಾಕಿರುವುದು ಮೈಕು!

ಕಾನೂನಿನ ಮಾತು ಹಾಗಿರಲಿ. ‘ಎರಡೇ ಮಾತು’ ಎಂದು ಮೈಕು ಹಿಡಿಯುವ ಮಹನೀಯರಲ್ಲಿ ನನ್ನದೊಂದು ಬಿನ್ನಹ: ಎರಡು ಮುಗಿದ ಕೂಡಲೇ ಅದನ್ನು ಪಕ್ಕದವರಿಗೆ ಕೊಟ್ಟುಬಿಡಿ. ಆಗಲೇ ಎಲೆ ಹಾಕಿದ್ದಾರೆ, ಸಾರು ಆರುತ್ತಿದೆ.